ಸಾವಾದ ಮನೆಗೂ ಕ್ರಿಸ್ಮಸ್ ಬರುತ್ತದೆ

ಯೌವನಸ್ಥರ ಕೂಟದ ಪಾಠ, ಅಗ್ರಹಾರ, ಮೈಸೂರು. ಡಿಸೆಂಬರ್ ಮೊದಲನೇ ಭಾನುವಾರ.
ವಾಕ್ಯಭಾಗ: ಮತ್ತಾಯ 2:1-18, ಲೂಕ 2:25-38, ಯೋಹಾನ 11:17-44

ಈ ಚಳಿಯಲ್ಲೂ ಹೊದಿಕೆ ಬಿಟ್ಟು ಎದ್ದು ಬಂದಿದ್ದೀರಿ, ದೇವರಿಗೆ ಸ್ತೋತ್ರ. ಸತ್ಯವೇದ ತಂದಿರೋರು ಮತ್ತಾಯ 2ನೇ ಅಧ್ಯಾಯ ತೆಗೀರಿ. ಮೊಬೈಲ್‌ನಲ್ಲಿ ಓದೋರು ಆ್ಯಪ್ ತೆಗೀರಿ, ವಾಟ್ಸಾಪ್ ಮಾತ್ರ ಒಂದು ಗಂಟೆ ಮುಚ್ಚಿಡಿ.

ವಾಟ್ಸಾಪ್ ಅಂದೆ ನೋಡಿ, ಇವತ್ತಿನ ಪಾಠ ಅಲ್ಲಿಂದಲೇ ಬಂತು. ಹೋದ ವಾರ ನಮ್ಮ ಗ್ರೂಪ್‌ನಲ್ಲಿ ಕರೋಲ್‌ಗೆ ಹೋಗೋ ಮನೆಗಳ ಪಟ್ಟಿ ಹಾಕ್ತಿದ್ರು. ಒಬ್ಬರು ಕೇಳಿದ್ರು: "ಬ್ರದರ್, ಈ ವರ್ಷ ಸಾವಾಗಿರೋ ಮನೆಗಳನ್ನ ಪಟ್ಟಿಯಿಂದ ತೆಗೆದುಬಿಡೋಣ್ವಾ? ಗಿಟಾರ್ ಹಿಡ್ಕೊಂಡು ಹಾಡ್ತಾ ಹೋದ್ರೆ ಅವರಿಗೆ ನೋವಾಗಲ್ವಾ?" ಒಳ್ಳೆ ಮನಸ್ಸಿನಿಂದಲೇ ಕೇಳಿದ ಪ್ರಶ್ನೆ. ಅದೇ ರಾತ್ರಿ ನಿಮ್ಮಲ್ಲೇ ಇನ್ನೊಬ್ಬರು ನನಗೆ ಬೇರೆಯಾಗಿ ಮೆಸೇಜ್ ಮಾಡಿದ್ರು. ಅವರ ಒಪ್ಪಿಗೆ ತಗೊಂಡು, ಹೆಸರು ಹೇಳದೆ ಹೇಳ್ತೀನಿ. "ಅಣ್ಣಾ, ಎಲ್ಲರೂ ಖುಷಿಯಾಗಿರೋ ತಿಂಗಳು ಇದು. ನಾನು ಬಂದು ಅತ್ತು ಎಲ್ಲರ ಮೂಡ್ ಹಾಳು ಮಾಡೋದು ಬೇಡ. ಜನವರಿಯಲ್ಲಿ ಬರ್ತೀನಿ."

ಪ್ರಿಯರೇ, ಈ ಎರಡು ಮೆಸೇಜ್‌ಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಇವರು ಅವರ ಮನೆಗೆ ಹೋಗಲ್ಲ, ಅವರು ಇಲ್ಲಿಗೆ ಬರಲ್ಲ. ಎರಡೂ ಕಡೆ ಪ್ರೀತಿಯೇ ಕಾರಣ. ಆದರೆ ಕೊನೆಗೆ ಆಗೋದು ಏನು? ದುಃಖದಲ್ಲಿರೋ ಒಬ್ಬ ಸಹೋದರ ಇಡೀ ಡಿಸೆಂಬರ್ ಒಬ್ಬನೇ ಕೂತಿರ್ತಾನೆ. ನಮ್ಮ ಸಭೆಯಲ್ಲೇ ಈ ವರ್ಷ ಮೂರು ಮನೆಯವರು ತಮ್ಮವರನ್ನ ಮಣ್ಣಿಗೆ ಕೊಟ್ಟು ಬಂದಿದ್ದಾರೆ. ಆದ್ದರಿಂದ ಇವತ್ತು ಒಂದೇ ವಿಷಯ ಕಲಿಯೋಣ. ಕ್ರಿಸ್ಮಸ್‌ನ ಕಥೆಯೊಳಗೇ ಅಳು ಇದೆ. ಹಾಗಾಗಿ ಅಳುವ ಮನೆಗೆ ಕ್ರಿಸ್ಮಸ್ ತಗೊಂಡು ಹೋಗಲು ನಾವು ಹೆದರಬೇಕಾಗಿಲ್ಲ, ಆ ಮನೆಯವರು ಇಲ್ಲಿಗೆ ಬರಲು ಸಂಕೋಚಪಡಬೇಕಾಗಿಯೂ ಇಲ್ಲ.

ನಮ್ಮ ಊರಿನ ಡಿಸೆಂಬರ್

ಡಿಸೆಂಬರ್ ಬಂದ್ರೆ ಮೈಸೂರಿಗೆ ಒಂದು ಕಳೆ ಬರುತ್ತೆ. ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆದ್ರೆ ಎದುರಿಗೆ ಬರೋರ ಮುಖ ಕಾಣದಷ್ಟು ಮಂಜು. ಮಾರ್ಕೆಟ್‌ನಲ್ಲಿ ಸೊಗಡಿನ ಅವರೆಕಾಯಿ ರಾಶಿ. ರಾತ್ರಿ ಊಟ ಆದ್ಮೇಲೆ ಬೀದಿಗೆ ಅಡ್ಡ ಹಗ್ಗ ಕಟ್ಟಿ, ಬೀದಿ ದೀಪದ ಬೆಳಕಿನಲ್ಲಿ ಶಟಲ್ ಆಟ. ಬೈಕ್ ಬಂದಾಗಲೆಲ್ಲ ಹಗ್ಗ ಎತ್ತಬೇಕು. ಅರಮನೆ ಆವರಣದಲ್ಲಿ ಫಲಪುಷ್ಪ ಪ್ರದರ್ಶನ, ಮಾಗಿ ಉತ್ಸವ. ಸಂತ ಫಿಲೋಮಿನಾ ಚರ್ಚ್‌ನಲ್ಲಿ ಗೋದಲಿ ನೋಡೋಕೆ ಎಲ್ಲಾ ಧರ್ಮದವರ ಸಾಲು.

ನಮ್ಮ ಮನೆಗಳಲ್ಲಿ ಹದಿನೈದನೇ ತಾರೀಕಿನಿಂದಲೇ ಎಣ್ಣೆ ಬಾಣಲೆ ಇಳಿಯಲ್ಲ. ಕರ್ಜಿಕಾಯಿ, ಚಕ್ಕುಲಿ, ಕಜ್ಜಾಯ, ಕಲ್ಕಲ್, ಹೂವಿನ ಅಚ್ಚು ಅದ್ದಿ ತೆಗೆಯೋ ರೋಸ್ ಕುಕೀಸ್. 25ಕ್ಕೆ ಅಕ್ಕಪಕ್ಕದ ಮನೆಗಳಿಗೆಲ್ಲ ತಟ್ಟೆ ಹೋಗಬೇಕು. ನಮ್ಮ ಅಗ್ರಹಾರದಲ್ಲಂತೂ ಪಕ್ಕದ ಮನೆಯವರು ಮೊಟ್ಟೆ ಮುಟ್ಟಲ್ಲ, ಅದಕ್ಕೆ ಅವರ ತಟ್ಟೆಯಲ್ಲಿ ಕೇಕ್ ಇರಲ್ಲ, ಕರ್ಜಿಕಾಯಿ ಎರಡು ಜಾಸ್ತಿ ಇರುತ್ತೆ. ಸಂಕ್ರಾಂತಿಗೆ ಅದೇ ತಟ್ಟೆ ಎಳ್ಳು-ಬೆಲ್ಲ ತುಂಬ್ಕೊಂಡು ವಾಪಸ್ ಬರುತ್ತೆ.

ನಿಮ್ಮಲ್ಲಿ ಕೆಲವರು ಕೇಳ್ತೀರಿ, "ಪಾಸ್ಟರ್, ಡಿಸೆಂಬರ್ 25 ಅಂತ ಸತ್ಯವೇದದಲ್ಲಿ ಎಲ್ಲಿದೆ?" ಇಲ್ಲ. ಕ್ರಿ.ಶ. 354ರಲ್ಲಿ ರೋಮ್‌ನಲ್ಲಿ ಸಿದ್ಧವಾದ ಒಂದು ಪಂಚಾಂಗದಲ್ಲಿ ಆ ದಿನ ಸಿಗುತ್ತೆ. ದಿನದ ಬಗ್ಗೆ ಜಗಳ ಮಾಡೋದು ಇವತ್ತಿನ ಪಾಠ ಅಲ್ಲ. ವಾಕ್ಯವು ಶರೀರಧಾರಿಯಾಗಿ ನಮ್ಮ ಮಧ್ಯದಲ್ಲಿ ವಾಸ ಮಾಡಿದ್ದು ಸತ್ಯ. ಅದನ್ನು ನೆನಪು ಮಾಡಿಕೊಳ್ಳಲು ಊರೇ ಬಾಗಿಲು ತೆರೆದು ಕೂತಿರುವ ತಿಂಗಳು ಇದು.

ಆದರೆ ಇದೇ ತಿಂಗಳಲ್ಲಿ ಇನ್ನೊಂದು ಥರದ ಮನೆಯೂ ಇದೆ. ಅಲ್ಲಿ ಬಾಣಲೆ ಇಟ್ಟಿಲ್ಲ, ನಕ್ಷತ್ರ ಕಟ್ಟಿಲ್ಲ. ಕೇಳಿದ್ರೆ, "ಈ ವರ್ಷ ನಮಗೆ ಹಬ್ಬ ಇಲ್ಲ" ಅಂತಾರೆ. ಆ ಮನೆಯನ್ನ ಮನಸ್ಸಲ್ಲಿಟ್ಟುಕೊಂಡು ಈಗ ವಾಕ್ಯಕ್ಕೆ ಬನ್ನಿ.

1. ಬೇತ್ಲೆಹೇಮ್ ಅಳು ಕಂಡ ಊರು

ಬೇತ್ಲೆಹೇಮ್ ಅಂದ್ರೆ ರೊಟ್ಟಿಯ ಮನೆ ಅಂತ ನಾವು ಪ್ರತಿ ವರ್ಷ ಕೇಳ್ತೀವಿ. ಗ್ರೀಟಿಂಗ್ ಕಾರ್ಡ್‌ನಲ್ಲಿ ಅದು ನೀಲಿ ಆಕಾಶದ ಕೆಳಗೆ ನಿದ್ದೆ ಮಾಡೋ ಊರು. ಸತ್ಯವೇದದಲ್ಲಿ ಆ ಊರಿನ ಹೆಸರು ಬರೋ ಜಾಗಗಳನ್ನ ಒಂದೊಂದಾಗಿ ತೆಗೆದು ನೋಡಿ.

ಮೊದಲು ಆದಿಕಾಂಡ 35. ಯಾಕೋಬನ ಪ್ರೀತಿಯ ಹೆಂಡತಿ ರಾಹೇಲಳು ಬೇತ್ಲೆಹೇಮಿನ ದಾರಿಯಲ್ಲಿ ಹೆರಿಗೆಯಾಗಿ ಸಾಯ್ತಾಳೆ. ಮಗು ಉಳೀತು, ತಾಯಿ ಉಳೀಲಿಲ್ಲ. ಯಾಕೋಬ ಆ ದಾರಿ ಪಕ್ಕದಲ್ಲೇ ಸಮಾಧಿಯ ಮೇಲೆ ಕಲ್ಲು ನಿಲ್ಲಿಸಿದ.

ಆಮೇಲೆ ರೂತಳ ಪುಸ್ತಕ. ಬರಗಾಲ ಬಂದು ಬೇತ್ಲೆಹೇಮ್ ಬಿಟ್ಟು ಹೋದ ನೊವೊಮಿ, ಮೋವಾಬಿನಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡು ವಾಪಸ್ ಬರ್ತಾಳೆ. ಯಾವ ಕಾಲದಲ್ಲಿ ಬಂದಳು ಅಂತ 1:22ರಲ್ಲಿ ಇದೆ, ಗುರುತು ಹಾಕಿಕೊಳ್ಳಿ. ಜವೆಗೋದಿಯ ಸುಗ್ಗಿ ಶುರುವಾಗಿತ್ತು. ಊರಿಗೆ ಊರೇ ಸುಗ್ಗಿಯ ಸಡಗರದಲ್ಲಿದ್ದಾಗ ಒಬ್ಬ ವಿಧವೆ ಬೀದಿಯಲ್ಲಿ ನಿಂತು, ನನ್ನ ಹಳೇ ಹೆಸರು ಹಿಡಿದು ಕರೀಬೇಡಿ, ನನ್ನ ಬದುಕು ಕಹಿಯಾಗಿದೆ ಅಂತ ಎಲ್ಲರ ಮುಂದೆ ಹೇಳ್ತಾಳೆ. ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ. ಕೊನೇ ಅಧ್ಯಾಯದಲ್ಲಿ ಅದೇ ಊರಿನ ಹೆಂಗಸರು ಮೊಮ್ಮಗನ ಹೆಸರಿಟ್ಟು ಅವಳ ಜೊತೆ ಸಂತೋಷಪಡೋದನ್ನೂ ಓದ್ತೀವಿ. ಮೊದಲು ಅವಳ ಕಹಿ ಕೇಳಿಸಿಕೊಂಡವರೇ ಆಮೇಲೆ ಅವಳ ನಗುವಿನಲ್ಲೂ ಪಾಲು ತಗೊಂಡರು.

ಈಗ ಮತ್ತಾಯ 2. ಜೋಯಿಸರು ಬಂದರು, ಕಾಣಿಕೆ ಕೊಟ್ಟರು, ಬೇರೆ ದಾರಿಯಲ್ಲಿ ಹೋದರು. ನಮ್ಮ ಸಂಡೇ ಸ್ಕೂಲ್ ನಾಟಕ ಅಲ್ಲಿಗೆ ಮುಗಿಯುತ್ತೆ. ಮತ್ತಾಯ ಮಾತ್ರ ನಿಲ್ಲಿಸಲ್ಲ. 16ನೇ ವಚನದಲ್ಲಿ ಹೆರೋದನ ಸಿಪಾಯಿಗಳು ಬರ್ತಾರೆ. ಎರಡು ವರ್ಷದೊಳಗಿನ ಗಂಡುಮಕ್ಕಳಿದ್ದ ಮನೆಗಳಲ್ಲಿ ಏನಾಯ್ತು ಅಂತ ನೀವು ಓದಿದ್ದೀರಿ. ಆಗ ಮತ್ತಾಯನಿಗೆ ರಾಹೇಲಳ ನೆನಪಾಗುತ್ತೆ. ಯೆರೆಮೀಯ 31:15ರ ಮಾತನ್ನ ತಂದು ಇಡ್ತಾನೆ. ಮಕ್ಕಳನ್ನು ಕಳಕೊಂಡ ಆ ತಾಯಿ ಸಮಾಧಾನದ ಮಾತು ಕೇಳಲು ಒಪ್ಪಲಿಲ್ಲ ಅಂತ.

ಇಲ್ಲಿ ನಿಧಾನವಾಗಿ ನೋಡಿ. ಯೆರೆಮೀಯನಲ್ಲಿ ಅದರ ಮುಂದಿನ ವಚನಗಳಲ್ಲೇ, 16 ಮತ್ತು 17ರಲ್ಲಿ, ದೇವರು ನಿರೀಕ್ಷೆಯ ಮಾತು ಕೊಡುತ್ತಾನೆ. ಮಕ್ಕಳು ತಮ್ಮ ನಾಡಿಗೆ ತಿರುಗಿ ಬರುವರೆಂದು ಹೇಳುತ್ತಾನೆ. ಯೆಹೂದ್ಯನಾದ ಮತ್ತಾಯನಿಗೆ ಅದು ಗೊತ್ತಿತ್ತು. ಆದರೂ ಅವನು 15ನೇ ವಚನವನ್ನ ಬರೆದು ಅಲ್ಲೇ ನಿಲ್ಲಿಸ್ತಾನೆ. "ಅಮ್ಮಾ, ಸಾಕು ಮಾಡು, ವಿಶ್ವಾಸ ಇಡು" ಅಂತ ರಾಹೇಲಳನ್ನ ಗದರಿಸಲ್ಲ. ಪವಿತ್ರಾತ್ಮ ಪ್ರೇರಿತವಾದ ಸುವಾರ್ತೆಯಲ್ಲಿ, ಕ್ರಿಸ್ತನ ಹುಟ್ಟಿನ ಅಧ್ಯಾಯದಲ್ಲೇ, ಸಮಾಧಾನವಾಗದ ಒಂದು ಅಳುವಿಗೆ ಜಾಗ ಇದೆ. ಆ ಅಳುವನ್ನ ದೇವರು ತನ್ನ ಪುಸ್ತಕದಲ್ಲಿ ಬರೆಸಿ ಇಟ್ಟಿದ್ದಾನೆ.

ಪಶ್ಚಿಮದ ಹಳೇ ಸಭೆಗಳು ಆ ಬೇತ್ಲೆಹೇಮಿನ ಮಕ್ಕಳನ್ನ ಡಿಸೆಂಬರ್ 28ರಂದು ನೆನೆಯುತ್ತವೆ. ಕ್ರಿಸ್ಮಸ್ ಆಗಿ ಮೂರೇ ದಿನಕ್ಕೆ. ನಾವು ಪೆಂತೆಕೋಸ್ತಿನವರು ಆ ಪಂಚಾಂಗ ಪಾಲಿಸಲ್ಲ. ಆದರೆ ಹಿರಿಯರು ಈ ಎರಡು ದಿನಗಳನ್ನ ಅಷ್ಟು ಹತ್ತಿರ ಇಟ್ಟಿದ್ದರಲ್ಲಿ ಒಂದು ತಿಳಿವಳಿಕೆ ಇದೆ. ತೊಟ್ಟಿಲ ಹಾಡು ಮುಗಿಯೋ ಮೊದಲೇ ಪಕ್ಕದ ಮನೆಯ ಅಳು ಕೇಳಿಸಿಕೊಳ್ಳಬೇಕು ಅಂತ.

2. ಡಿಸೆಂಬರ್ 28 ಮತ್ತು ನಮ್ಮ ಮೈಸೂರು

ಆ ತಾರೀಕು ನಮ್ಮ ಊರಿಗೂ ಸಂಬಂಧಪಟ್ಟದ್ದು. ರಜೆಯಲ್ಲಿ ನೀವೆಲ್ಲ ಮೃಗಾಲಯಕ್ಕೆ ಹೋಗ್ತೀರಿ. ಅದರ ಪೂರ್ತಿ ಹೆಸರು ಶ್ರೀ ಚಾಮರಾಜೇಂದ್ರ ಮೃಗಾಲಯ, ಶುರುವಾಗಿದ್ದು 1892ರಲ್ಲಿ. ಅರಮನೆ ಹತ್ತಿರದ ವೃತ್ತದಲ್ಲಿ ನಿಂತಿರೋದೂ ಅದೇ ಚಾಮರಾಜೇಂದ್ರ ಒಡೆಯರ ಪ್ರತಿಮೆ. 1894ರ ಡಿಸೆಂಬರ್‌ನಲ್ಲಿ ಅವರು ಕಲ್ಕತ್ತಾಗೆ ಹೋಗಿದ್ದರು. ಅಲ್ಲಿ ಗಂಟಲುಮಾರಿ, ಅಂದ್ರೆ ನಾವೀಗ ಡಿಫ್ತೀರಿಯಾ ಅನ್ನೋ ಕಾಯಿಲೆ, ತಗುಲಿತು. ಡಿಸೆಂಬರ್ 28ರಂದು ತೀರಿಕೊಂಡರು. ವಯಸ್ಸು 31. ಇಲ್ಲಿ ಕೂತಿರೋ ಕೆಲವರಷ್ಟೇ ವಯಸ್ಸು. ಹಿರಿಯ ಮಗ ಕೃಷ್ಣರಾಜನಿಗೆ 10 ವರ್ಷ.

ರಾಣಿ ಕೆಂಪನಂಜಮ್ಮಣ್ಣಿಯವರು, ವಾಣಿವಿಲಾಸ ಸನ್ನಿಧಾನ ಅಂತ ಕರೀತಾರಲ್ಲ ಅವರು, ಇನ್ನೂ ಮೂವತ್ತು ತುಂಬದ ವಿಧವೆ. ಮಗನ ಪರವಾಗಿ 1902ರವರೆಗೆ ರಾಜ್ಯ ನಡೆಸಿದ್ರು. 1897ರಲ್ಲಿ ಹಳೇ ಮರದ ಅರಮನೆ ಬೆಂಕಿಗೆ ಸಿಕ್ಕಿ ಹಾಳಾಯ್ತು. ಈಗ ಭಾನುವಾರ ಸಂಜೆ ದೀಪ ಹಚ್ಚಿದಾಗ ನಾವು ಮೊಬೈಲ್ ಎತ್ತಿ ಫೋಟೋ ತೆಗೀತೀವಲ್ಲ, ಆ ಅರಮನೆಯ ಕೆಲಸ ಶುರುವಾಗಿದ್ದು ಅವರ ಆಡಳಿತದಲ್ಲೇ, ಮುಗಿದಿದ್ದು 1912ರಲ್ಲಿ. ಆ ಬೆಳಕಿನ ಹಿಂದೆ ಒಂದು ಡಿಸೆಂಬರ್ ಸಾವೂ ಇದೆ, ಒಂದು ಬೆಂಕಿಯೂ ಇದೆ.

ಇದನ್ನ ಯಾಕೆ ಹೇಳಿದೆ? ಸಾವು ಕ್ಯಾಲೆಂಡರ್ ನೋಡಿ ಬರಲ್ಲ. ಅರಮನೆಯಾಗಲಿ, ನಮ್ಮ ವಠಾರವಾಗಲಿ, ಹಬ್ಬದ ತಿಂಗಳು ಅಂತ ಬಾಗಿಲಲ್ಲಿ ನಿಲ್ಲಲ್ಲ. 2004ರ ಡಿಸೆಂಬರ್ 26 ಒಂದು ಭಾನುವಾರ. ಕ್ರಿಸ್ಮಸ್‌ನ ಮಾರನೇ ದಿನ. ಆ ಬೆಳಿಗ್ಗೆ ಸುನಾಮಿ ಬಂದಾಗ ತಮಿಳುನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದಿದ್ದು ನಾಗಪಟ್ಟಣಂ ಜಿಲ್ಲೆ. ಹಬ್ಬಕ್ಕೆಂದು ವೇಳಾಂಕಣ್ಣಿಗೆ ಹೋಗಿದ್ದ ಯಾತ್ರಿಕರೂ ಕೊಚ್ಚಿಹೋದರು. ದೇವರ ಜನರಿಗೆ ಡಿಸೆಂಬರ್‌ನಲ್ಲಿ ದುಃಖ ಬಾರದು ಅನ್ನೋ ವಾಗ್ದಾನ ಸತ್ಯವೇದದಲ್ಲಿ ಎಲ್ಲೂ ಇಲ್ಲ. ನಮ್ಮ ಸಂಗಡ ಇರುತ್ತೇನೆ ಅನ್ನೋ ವಾಗ್ದಾನ ಇದೆ. ಇಮ್ಮಾನುವೇಲ್ ಅನ್ನೋ ಹೆಸರಿನ ಅರ್ಥವೇ ಅದು. ಆಮೆನ್ ಹೇಳೋರು ಹೇಳಿ.

3. "ಈ ವರ್ಷ ನಮಗೆ ಹಬ್ಬ ಇಲ್ಲ"

ನಮ್ಮ ನಾಡಿನಲ್ಲಿ ಒಂದು ಪದ್ಧತಿ ಇದೆ. ಮನೆಯಲ್ಲಿ ಸಾವಾದರೆ ವರ್ಷ ತುಂಬುವವರೆಗೆ ಹಬ್ಬ ಮಾಡಲ್ಲ. ಹೊಸ ಬಟ್ಟೆ ಇಲ್ಲ, ಸಿಹಿ ಇಲ್ಲ. ಆ ಮನೆಗೆ ಬೇರೆಯವರೂ ಸಿಹಿ ಕೊಡಲ್ಲ. ಕ್ರೈಸ್ತರಾದ ಮೇಲೂ ನಮ್ಮ ಎಷ್ಟೋ ಮನೆಗಳಲ್ಲಿ ಇದು ಹಾಗೇ ಉಳಿದಿದೆ. ಯೌವನಸ್ಥರು ಇದನ್ನ ಅಜ್ಜಿ ಕಾಲದ್ದು ಅಂತ ನಗಬೇಡಿ. ಅದರೊಳಗೆ ಒಂದು ಕರುಣೆ ಇದೆ. ಗಂಡನನ್ನ ಕಳ್ಕೊಂಡ ಹೆಂಗಸು ನಲವತ್ತು ಜನಕ್ಕೆ ಬಿರಿಯಾನಿ ಮಾಡಿ, ರೇಷ್ಮೆ ಸೀರೆ ಉಟ್ಟು ನಗ್ತಾ ಬಡಿಸಬೇಕು ಅಂತ ಯಾರೂ ನಿರೀಕ್ಷೆ ಮಾಡಬಾರದು ಅಂತ ಆ ಪದ್ಧತಿ ಅವಳನ್ನ ಕಾಪಾಡುತ್ತೆ. ದುಃಖಕ್ಕೆ ಸಮಯ ಬೇಕು ಅನ್ನೋದು ಅದಕ್ಕೆ ಗೊತ್ತು.

ಆದರೆ ಅದರ ಜೊತೆ ಇನ್ನೊಂದು ಎಳೆಯೂ ಸೇರಿಕೊಂಡಿದೆ: ಮೈಲಿಗೆ. ಸಾವಾದ ಮನೆ ಅಶುಭ, ವಿಧವೆ ಎದುರಿಗೆ ಬರಬಾರದು, ಶುಭಕಾರ್ಯದಲ್ಲಿ ಮುಂದೆ ನಿಲ್ಲಬಾರದು ಅನ್ನೋ ಭಯ. ಈ ಎಳೆಯನ್ನ ಯೇಸು ಸ್ವಾಮಿ ಕತ್ತರಿಸಿದ್ದಾರೆ. ಅರಣ್ಯಕಾಂಡ 19ರ ಪ್ರಕಾರ ಹೆಣ ಮುಟ್ಟಿದವನು ಏಳು ದಿನ ಅಶುದ್ಧ. ಆದರೆ ಲೂಕ 7ರಲ್ಲಿ ನಾಯಿನೆಂಬ ಊರಿನ ಬಾಗಿಲಲ್ಲಿ, ಒಬ್ಬ ವಿಧವೆಯ ಒಬ್ಬನೇ ಮಗನ ಶವ ಬರುವಾಗ, ಕರ್ತನು ದೂರ ಸರಿದು ದಾರಿ ಬಿಡಲಿಲ್ಲ. ಹತ್ತಿರ ಹೋಗಿ ಚಟ್ಟವನ್ನು ಮುಟ್ಟಿದನು. ನಾವು ಆತನ ಶಿಷ್ಯರಾದರೆ ಸಾವಾದ ಮನೆಯ ಹೊಸಿಲು ದಾಟಲು ನಮಗೆ ಯಾವ ಮೈಲಿಗೆಯೂ ಇಲ್ಲ.

ಲೂಕ 2ರಲ್ಲಿ ಅನ್ನಳನ್ನೂ ನೋಡಿ. ಮದುವೆಯಾಗಿ ಏಳೇ ವರ್ಷ ಗಂಡನ ಜೊತೆ ಬಾಳಿದವಳು, ಆಮೇಲೆ ಬದುಕೆಲ್ಲ ವಿಧವೆ. ಅಂಥವಳನ್ನ ದೇವರು ದೇವಾಲಯದಲ್ಲಿ ಮಗು ಯೇಸುವಿನ ಎದುರಿಗೇ ತಂದು ನಿಲ್ಲಿಸಿದ. ಬಿಡುಗಡೆಗಾಗಿ ಕಾಯುತ್ತಿದ್ದವರಿಗೆಲ್ಲ ಆ ಮಗುವಿನ ವಿಷಯ ಹೇಳಿದವಳು ಅವಳು. ನಮ್ಮ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಕ್ಯಾಂಡಲ್ ಹಚ್ಚಲು, ಕೇಕ್ ಕತ್ತರಿಸಲು ನಾವು ಯಾರನ್ನ ಮುಂದೆ ಕರೀತೀವಿ? ಯೋಚನೆ ಮಾಡಿ.

4. ನಮ್ಮ ಮನೆಯ ಒಂದು ಡಿಸೆಂಬರ್

ಇದನ್ನ ಪುಸ್ತಕದಿಂದ ಮಾತ್ರ ಹೇಳ್ತಿಲ್ಲ. ನನಗೆ ಇಪ್ಪತ್ತೈದು ಇದ್ದಾಗ, ಡಿಸೆಂಬರ್ ಎರಡನೇ ವಾರದಲ್ಲಿ ನಮ್ಮಪ್ಪ ಹೋದ್ರು. ಎದೆನೋವು ಅಂದ್ರು, ಆಸ್ಪತ್ರೆ ಸೇರೋ ಹೊತ್ತಿಗೆ ಮುಗಿದಿತ್ತು. ಅಪ್ಪ ಪ್ರತಿ ವರ್ಷ ಬಿದಿರು ಕಡ್ಡಿ ಸೀಳಿ, ಬಣ್ಣದ ಕಾಗದ ಅಂಟಿಸಿ ತಾವೇ ನಕ್ಷತ್ರ ಮಾಡೋರು. ಆ ವರ್ಷದ್ದು ಕಡ್ಡಿ ಕಟ್ಟಿ ಆಗಿತ್ತು, ಕಾಗದ ಅಂಟಿಸಿರಲಿಲ್ಲ. ಅಟ್ಟದ ಮೇಲೆ ಹಾಗೇ ಇತ್ತು.

ಮಣ್ಣು ಮಾಡಿ ಬಂದ ಮೇಲೆ ಮೂರು ದಿನ ಮನೆ ತುಂಬ ಜನ. ಆಮೇಲೆ ಕ್ರಿಸ್ಮಸ್ ಹತ್ತಿರ ಬಂತು, ಜನ ಕಮ್ಮಿಯಾದ್ರು. ದೊಡ್ಡಪ್ಪ ಬಂದು, "ಈ ವರ್ಷ ಏನೂ ಬೇಡ, ಬಾಗಿಲು ಹಾಕ್ಕೊಂಡು ಇರಿ" ಅಂದ್ರು. 23ರ ರಾತ್ರಿ ನಾವಾಗ ಹೋಗ್ತಿದ್ದ ಸಭೆಯ ಕರೋಲ್ ತಂಡ ನಮ್ಮ ಬೀದಿಗೆ ಬಂತು. ಗಿಟಾರ್ ಶಬ್ದ ಕೇಳ್ತು. ಬೀದಿ ತುದಿಯ ಮನೆಯಲ್ಲಿ ಹಾಡಿದ್ರು. ನಮ್ಮ ಮನೆ ಹತ್ತಿರ ಬಂದಾಗ ಹಾಡು ನಿಂತು ಹೋಯ್ತು. ಮೆಲ್ಲಗೆ ನಡ್ಕೊಂಡು ಹೋಗೋ ಚಪ್ಪಲಿ ಸದ್ದು ಮಾತ್ರ. ಎರಡು ಮನೆ ಆಚೆ ಮತ್ತೆ ಹಾಡು ಶುರುವಾಯ್ತು. ನಮ್ಮ ಮೇಲಿನ ಗೌರವಕ್ಕೇ ಹಾಗೆ ಮಾಡಿದ್ರು, ನನಗೆ ಗೊತ್ತು. ಆದರೆ ಒಳಗಡೆ ಕೂತಿದ್ದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದು ಅಪ್ಪ ಸತ್ತ ದಿನಕ್ಕಿಂತ ಜಾಸ್ತಿ.

ಸ್ವಲ್ಪ ಹೊತ್ತಾದ್ಮೇಲೆ ಅಮ್ಮ ಹೇಳಿದ್ರು: "ಹೋಗಿರೋದು ನಿಮ್ಮಪ್ಪ ಕಣೋ. ಯೇಸು ಸ್ವಾಮಿ ಎಲ್ಲಿ ಹೋದ್ರು? ಅಟ್ಟದಿಂದ ಆ ನಕ್ಷತ್ರ ಇಳಿಸು." ಅಂಟಿಸೋಕೆ ಬಣ್ಣದ ಕಾಗದ ಹುಡುಕೋ ಮನಸ್ಸು ಯಾರಿಗೂ ಇರಲಿಲ್ಲ. ಬರೀ ಕಡ್ಡಿ ನಕ್ಷತ್ರದೊಳಗೆ ಬಲ್ಬ್ ಹಾಕಿ ಬಾಗಿಲಿಗೆ ಕಟ್ಟಿದೆ. ಸಿಹಿ ಮಾಡಲಿಲ್ಲ, ಹೊಸ ಬಟ್ಟೆ ಹಾಕಲಿಲ್ಲ. ನಕ್ಷತ್ರ ಮಾತ್ರ ಉರೀತಿತ್ತು.

25ರ ಬೆಳಿಗ್ಗೆ ಎದುರುಮನೆ ಅಜ್ಜಿ ಬಂದ್ರು. ಅವರು ಕ್ರೈಸ್ತರಲ್ಲ. ಕೈಯಲ್ಲಿ ಮುಚ್ಚಿದ ತಟ್ಟೆ. "ವರ್ಷಾವರ್ಷ ನಿಮ್ಮನೆಯಿಂದ ತಟ್ಟೆ ಬರ್ತಿತ್ತಲ್ಲಮ್ಮ, ಈ ಸಲ ನಮ್ಮನೆಯಿಂದ ಬರಲಿ ಅಂತ. ಸಿಹಿ ಕೊಡಬಾರದಲ್ವಾ, ಅದಕ್ಕೆ ಅವರೆಕಾಳು ಉಪ್ಪಿಟ್ಟು ಮಾಡ್ಕೊಂಡು ಬಂದೆ." ಕೂತು, ಅಪ್ಪ ಪ್ರತಿ ವರ್ಷ ಅವರ ಮನೆ ಫ್ಯೂಸ್ ಹಾಕಿಕೊಡ್ತಿದ್ದ ಕಥೆ ಹೇಳಿದ್ರು. ಅಮ್ಮ ನಕ್ಕರು. ಹತ್ತು ದಿನದಲ್ಲಿ ಮೊದಲನೇ ಸಲ. ನಗ್ತಾನೇ ಅತ್ತರು.

ರೋಮಾಪುರದವರಿಗೆ 12:15ರಲ್ಲಿ ಪೌಲನು ಸಂತೋಷದವರ ಸಂತೋಷದಲ್ಲೂ ಅಳುವವರ ಅಳುವಿನಲ್ಲೂ ಪಾಲುಗಾರರಾಗಿ ಅಂತ ಒಂದೇ ವಚನದಲ್ಲಿ ಹೇಳುತ್ತಾನೆ. ಮೊದಲನೇ ಅರ್ಧ ಡಿಸೆಂಬರ್‌ಗೆ, ಎರಡನೇ ಅರ್ಧ ಉಳಿದ ತಿಂಗಳಿಗೆ ಅಂತ ಹಂಚಿಲ್ಲ. ಆ ವಚನ ಓದದ ಅಜ್ಜಿ ಅದನ್ನ ಮಾಡಿ ತೋರಿಸಿದ್ರು. ಓದಿರೋ ನಾವು ಮಾಡಬೇಕಲ್ವಾ?

5. ಆತ್ಮಭರಿತರು ಅಳಬಹುದಾ?

ಈಗ ನಮ್ಮ ಸಭೆಗಳೊಳಗಿನ ಒಂದು ಮಾತಿಗೆ ಬರ್ತೀನಿ. ಪೆಂತೆಕೋಸ್ತಿನವರಾದ ನಾವು ಜಯದ ಬಗ್ಗೆ ತುಂಬ ಮಾತಾಡ್ತೀವಿ. ಮಾತಾಡಲೇಬೇಕು, ಸಮಾಧಿ ಖಾಲಿಯಾಗಿದೆ! ಆದರೆ ಸಾವಿನ ಮನೆಗೆ ಹೋಗಿ, "ಅಳಬಾರದು ಸಿಸ್ಟರ್, ಅವರು ಮಹಿಮೆಯಲ್ಲಿದ್ದಾರೆ, ಅತ್ತರೆ ವಿಶ್ವಾಸ ಇಲ್ಲ ಅಂತಾಗುತ್ತೆ" ಅಂತ ಹೇಳಿಬಿಡ್ತೀವಿ. ಇದನ್ನ ಕೇಳಿದ ಯೌವನಸ್ಥರು ಅಳೋಕೆ ಬಾತ್‌ರೂಮ್‌ಗೆ ಹೋಗ್ತಾರೆ, ಆರಾಧನೆಯಲ್ಲಿ ಕೈ ಎತ್ತಿ ನಗ್ತಾರೆ. ಇದು ವಾಕ್ಯಕ್ಕೆ ಸರಿಹೊಂದುತ್ತದೆಯೇ? ಮೂರು ಭಾಗ ನೋಡೋಣ.

ಮೊದಲನೆಯದು 1 ಥೆಸಲೊನೀಕ 4:13. ನಿರೀಕ್ಷೆಯಿಲ್ಲದವರು ದುಃಖಪಡುವ ರೀತಿಯಲ್ಲಿ ದುಃಖಪಡಬೇಡಿ ಎಂಬುದು ಅಲ್ಲಿನ ಬೋಧನೆ. ದುಃಖವನ್ನೇ ನಿಷೇಧಿಸಿಲ್ಲ. ನಿರೀಕ್ಷೆಯುಳ್ಳವರು ದುಃಖಪಡುವ ಒಂದು ರೀತಿಯೂ ಇದೆ.

ಎರಡನೆಯದು ಅಪೊಸ್ತಲರ ಕೃತ್ಯಗಳು 8:2. ಸ್ತೆಫನನು ಪರಲೋಕ ತೆರೆದಿರುವುದನ್ನೂ ಯೇಸುವನ್ನೂ ಕಣ್ಣಾರೆ ಕಂಡು ಸತ್ತವನು. ಅವನು ಎಲ್ಲಿಗೆ ಹೋದ ಅಂತ ಅಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆದರೂ ಭಕ್ತಿವಂತರು ಅವನನ್ನು ಹೂಣಿಟ್ಟು ಬಹಳವಾಗಿ ಗೋಳಾಡಿದರು. ಪೆಂತೆಕೋಸ್ತ ದಿನದ ಬೆಂಕಿ ಇನ್ನೂ ಹೊಸದಾಗಿದ್ದ ಯೆರೂಸಲೇಮಿನಲ್ಲಿ! ಮುಂದಿನ ಅಧ್ಯಾಯದಲ್ಲಿ ಯೊಪ್ಪದ ವಿಧವೆಯರು ತಬಿಥ ಹೊಲಿದುಕೊಟ್ಟ ಬಟ್ಟೆಗಳನ್ನ ಪೇತ್ರನಿಗೆ ತೋರಿಸ್ತಾ ಅಳ್ತಾರೆ. ಸತ್ತವರ ಕೈಕೆಲಸ ಹಿಡಿದು ತೋರಿಸಿ ಅಳೋದು ಎಷ್ಟು ಸಹಜ ನೋಡಿ. ಪೇತ್ರನು ಅದನ್ನ ತಡೆಯಲಿಲ್ಲ.

ಮೂರನೆಯದು ಯೋಹಾನ 11. ಲಾಜರನನ್ನ ಎಬ್ಬಿಸ್ತೀನಿ ಅಂತ ಯೇಸುವಿಗೆ ಗೊತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಆ ಮನೆಯಲ್ಲಿ ಹಬ್ಬ ಅಂತ ಗೊತ್ತಿತ್ತು. ಆದರೂ ಮರಿಯಳ ಕಣ್ಣೀರು ಕಂಡು ಆತನು ಅತ್ತನು. ಪುನರುತ್ಥಾನವೇ ಆಗಿರುವಾತನು ಪುನರುತ್ಥಾನಕ್ಕೆ ಮೊದಲು ಅಳಲು ಸಮಯ ತೆಗೆದುಕೊಂಡಿದ್ದಾನೆ. ಹಾಗಿರುವಾಗ ಕಣ್ಣೀರು ಅವಿಶ್ವಾಸದ ಗುರುತು ಅಂತ ಹೇಳೋ ಅಧಿಕಾರ ನಮಗೆ ಯಾರು ಕೊಟ್ಟರು?

6. ಈ ಡಿಸೆಂಬರ್‌ನಲ್ಲಿ ಏನು ಮಾಡಬೇಕು

ಕೇಳಿ ಎದ್ದು ಹೋಗೋದು ಬೇಡ. ಬರ್ಕೊಳ್ಳಿ.

ಒಂದು. ಕೇಳಿ ಹೋಗಿ. ಪಟ್ಟಿಯಿಂದ ಯಾವ ಮನೆಯನ್ನೂ ತೆಗೀಬೇಡಿ. ಮೊದಲೇ ಇಬ್ಬರು ಹೋಗಿ ಕೇಳಿ: "ಆಂಟಿ, ಬಂದು ಹಾಡಬಹುದಾ? ಡ್ರಮ್ ಬೇಡ್ವಾ? ಒಂದೇ ಹಾಡು ಸಾಕಾ? ಬರೀ ಪ್ರಾರ್ಥನೆ ಮಾಡಿ ಹೋಗೋದಾ?" ಬೇಡ ಅಂದ್ರೆ ಬೇಡ, ಬೇಸರ ಪಡಬೇಡಿ. ಆದರೆ ಬೇಡ ಅನ್ನೋದು ಅವರ ಬಾಯಿಂದ ಬರಲಿ, ನಮ್ಮ ಊಹೆಯಿಂದ ಬೇಡ.

ಎರಡು. ಸತ್ತವರ ಹೆಸರು ಹೇಳಿ. ಹೆಸರು ಎತ್ತಿದ್ರೆ ನೆನಪಾಗಿ ಅಳ್ತಾರೆ ಅಂತ ಸುಮ್ಮನಿರ್ತೀವಿ. ಅವರು ಮರೆತಿದ್ರೆ ತಾನೇ ನೆನಪಾಗೋದು? "ಅಂಕಲ್ ಪ್ರತಿ ವರ್ಷ ನಮಗೆ ಟೀ ಕೊಡ್ತಿದ್ರು" ಅಂತ ಒಂದು ಮಾತು ಸಾಕು.

ಮೂರು. ಮಾತು ಕಮ್ಮಿ ಮಾಡಿ. ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ರು. ಬಾಯಿ ತೆರೆದ ಮೇಲೆಯೇ ಅವರು ಕೆಟ್ಟಿದ್ದು. "ದೇವರಿಗೆ ಅವರು ಬೇಕಾಗಿತ್ತು", "ಎಲ್ಲಾ ಒಳ್ಳೇದಕ್ಕೆ" ಅನ್ನೋ ಮಾತು ಬಾಯಿಗೆ ಬಂದ್ರೆ ನುಂಗಿಬಿಡಿ.

ನಾಲ್ಕು. ಕೆಲಸ ಮಾಡಿಕೊಡಿ. ಗ್ಯಾಸ್ ಬುಕ್ ಮಾಡೋದು, ಮರಣ ಪ್ರಮಾಣಪತ್ರಕ್ಕೆ ಪಾಲಿಕೆ ಕಚೇರಿಗೆ ಜೊತೆಗೆ ಹೋಗೋದು, ಬ್ಯಾಂಕಿನ ಫಾರಂ ತುಂಬೋದು. ಅಪ್ಪ ಮಾಡ್ತಿದ್ದ ಕೆಲಸ ಯಾರ ತಲೆ ಮೇಲೆ ಬಿದ್ದಿದೆ ನೋಡಿ. ಬೈಕ್ ಇರೋರು ನೀವು, ನಿಮಗೆ ಅರ್ಧ ದಿನದ ಕೆಲಸ.

ಐದು. ಶಟಲ್‌ಗೆ ಕರೀರಿ. ಹೌದು, ಇದೂ ಸೇವೆಯೇ. ತಂದೆಯನ್ನ ಕಳ್ಕೊಂಡ ಹುಡುಗನಿಗೆ ಒಂದು ಗಂಟೆ ಆಡಿ ಬೆವರೋ ಹಕ್ಕಿದೆ. ಅವನು ನಕ್ಕರೆ, "ಇಷ್ಟು ಬೇಗ ಮರೆತ" ಅನ್ನಬೇಡಿ. ಆಟದ ಮಧ್ಯೆ ಸುಮ್ಮನಾದರೆ, "ಮತ್ತೆ ಶುರುವಾಯ್ತಾ" ಅಂತಲೂ ಅನ್ನಬೇಡಿ.

ದುಃಖದಲ್ಲಿರುವವರಿಗೆ

ಈಗ ಈ ವರ್ಷ ತಮ್ಮವರನ್ನ ಕಳ್ಕೊಂಡು ಇಲ್ಲಿ ಕೂತಿರೋರಿಗೆ, ಮನೆಯಲ್ಲೇ ಇದನ್ನ ಓದ್ತಿರೋರಿಗೆ ಎರಡು ಮಾತು. ನೀವು ಬಂದ್ರೆ ಯಾರ ಹಬ್ಬವೂ ಹಾಳಾಗಲ್ಲ. ಕ್ರಿಸ್ಮಸ್ ಆರಾಧನೆಗೆ ಬನ್ನಿ. ಹಿಂದಿನ ಸಾಲಿನಲ್ಲಿ ಕೂತ್ಕೊಳ್ಳಿ, ಹಾಡೋಕೆ ಆಗದಿದ್ರೆ ಹಾಡಬೇಡಿ, ನಿಮ್ಮ ಪರವಾಗಿ ನಾವು ಹಾಡ್ತೀವಿ. ಮಧ್ಯದಲ್ಲಿ ಎದ್ದು ಹೊರಗೆ ಹೋಗಬೇಕು ಅನಿಸಿದ್ರೆ ಹೋಗಿ. ಯಾಕೆ ಅಂತ ಯಾರೂ ಕೇಳಲ್ಲ. ಮನೆಯಲ್ಲಿ ಎಲ್ಲಾ ಪದ್ಧತಿಯನ್ನೂ ಮಾಡಬೇಕು ಅಂತಿಲ್ಲ, ಎಲ್ಲಾ ಬಿಡಬೇಕು ಅಂತಲೂ ಇಲ್ಲ. ಒಂದು ಆರಿಸಿಕೊಳ್ಳಿ. ನಕ್ಷತ್ರ ಒಂದೇ ಕಟ್ಟಿ. ಅಥವಾ ಅಮ್ಮ ಮಾಡ್ತಿದ್ದ ಒಂದೇ ತಿಂಡಿ ಮಾಡಿ, ಸರಿ ಬರದಿದ್ರೂ ಮಾಡಿ. ಮನೆಯಲ್ಲಿ ಒಬ್ಬರಿಗೆ ಹಬ್ಬ ಬೇಕು, ಇನ್ನೊಬ್ಬರಿಗೆ ಬೇಡ ಅನಿಸಬಹುದು. ಜಗಳ ಆಡಬೇಡಿ, ಇಬ್ಬರೂ ಒಂದೇ ನೋವನ್ನ ಬೇರೆ ಬೇರೆ ಥರ ಹೊರ್ತಿದ್ದೀರಿ. ತಿಂಗಳು ಕಳೆದರೂ ನಿದ್ದೆ ಬರದೆ, ಊಟ ಸೇರದೆ, ಬದುಕೋದೇ ಬೇಡ ಅನಿಸ್ತಿದ್ರೆ ಒಬ್ಬರೇ ಇರಬೇಡಿ. ನನಗೆ ಫೋನ್ ಮಾಡಿ, ವೈದ್ಯರ ಹತ್ತಿರ ನಾನೇ ಜೊತೆಗೆ ಬರ್ತೀನಿ. ವೈದ್ಯರ ಹತ್ತಿರ ಹೋಗೋದು ಪ್ರಾರ್ಥನೆಗೆ ವಿರೋಧ ಅಲ್ಲ.

ಗುಂಪಿನಲ್ಲಿ ಚರ್ಚಿಸಿ

ಮತ್ತಾಯನು ಯೆರೆಮೀಯ 31:15ರಲ್ಲೇ ಯಾಕೆ ನಿಲ್ಲಿಸಿರಬಹುದು? 16 ಮತ್ತು 17ನೇ ವಚನಗಳನ್ನ ದುಃಖದವರಿಗೆ ಯಾವಾಗ, ಹೇಗೆ ಹೇಳಬೇಕು?
ನಿಮ್ಮ ಮನೆಯಲ್ಲಿ ಸಾವಿನ ನಂತರ ಪಾಲಿಸುವ ಪದ್ಧತಿಗಳಲ್ಲಿ ಕರುಣೆ ಯಾವುದು, ಭಯ ಯಾವುದು?
ಈ ವಾರ ನೀವು ಹೊಸಿಲು ದಾಟಬೇಕಾದ ಮನೆ ಯಾವುದು? ಯಾರ ಜೊತೆ, ಯಾವ ದಿನ ಹೋಗ್ತೀರಿ?

ಪ್ರಾರ್ಥನೆ

ಎಲ್ಲರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ನೀನು ನಿನ್ನ ಮಗನನ್ನು ಅಳು ಕಂಡ ಊರಿಗೆ ಕಳುಹಿಸಿದೆ. ರಾಹೇಲಳ ಕಣ್ಣೀರನ್ನು ನಿನ್ನ ವಾಕ್ಯದಲ್ಲಿ ಬರೆಸಿದೆ. ಈ ತಿಂಗಳು ಖಾಲಿ ಕುರ್ಚಿ ನೋಡುತ್ತಾ ಊಟಕ್ಕೆ ಕೂರುವ ಪ್ರತಿಯೊಂದು ಮನೆಯನ್ನೂ ನೆನಪು ಮಾಡಿಕೋ. ಪವಿತ್ರಾತ್ಮನೇ, ಆದರಿಸುವಾತನೇ, ನೀನೇ ಅವರ ಹತ್ತಿರ ಕೂತುಕೋ. ನಮ್ಮ ಕಾಲುಗಳಿಗೆ ಆ ಬಾಗಿಲವರೆಗೆ ನಡೆಯುವ ಧೈರ್ಯ ಕೊಡು, ನಮ್ಮ ಬಾಯಿಗೆ ಸುಮ್ಮನಿರುವ ಜ್ಞಾನ ಕೊಡು, ನಮ್ಮ ಹಾಡಿನಲ್ಲಿ ಅವರ ಅಳುವಿಗೂ ಜಾಗ ಕೊಡು. ಸತ್ತವರು ಎದ್ದು ಬರುವ ಆ ದಿನದವರೆಗೆ ನಮ್ಮನ್ನು ಒಟ್ಟಿಗೆ ಇಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.